ಪೇಟಿಯ ಗ, ತಂಬೂರಿಯ ಗ



ಹಾರ್ಮೋನಿಯಂಗೆ ನಮ್ಮ ಕಡೆ ಪೇಟಿ ಅಂತಾರೆ. ಪೇಟಿಯನ್ನು ಎಷ್ಟು ಚೆನ್ನಾಗಿ ಕೂಡಿಸಿದರೂ ಅದರ ಗ ಸ್ವರ ತಂಬೂರಿಗೆ ಹೊಂದುವುದಿಲ್ಲ. ಯಾಕೆ ಗೊತ್ತಾ? ಇದು ಲೆಕ್ಕದ ವಿಷಯ.

ನಾದ ಅಂದರೆ ಕಂಪನ. ಒಂದು ಸೆಕೆಂಡಿಗೆ ಕಂಪನ ಹೆಚ್ಚಾದಷ್ಟೂ ಸ್ವರ ಏರುತ್ತದೆ. ಸಾ 240 ಕಂಪನ ಅಂತ ಇಟ್ಟುಕೊಳ್ಳೋಣ. ಮೇಲಿನ ಸಾ ಅದರ ಎರಡು ಪಟ್ಟು, 480. ಪ ಒಂದೂವರೆ ಪಟ್ಟು, 360. ಗ ಒಂದೂಕಾಲು ಪಟ್ಟು, 300. ತಂಬೂರಿಯ ಸಾ ತಂತಿ ಮೀಟಿ ಕಿವಿಗೊಟ್ಟರೆ ಅದರೊಳಗೆ ಗ ಕೂಡ ಸಣ್ಣಗೆ ಕೇಳಿಸುತ್ತದೆ. ತಾನೇ ಹುಟ್ಟುವುದರಿಂದ ಇದಕ್ಕೆ ಸ್ವಯಂಭೂ ಗಾಂಧಾರ ಎಂದು ಹೆಸರು.

ಪೇಟಿಯನ್ನೂ ಹೀಗೇ ಕೂಡಿಸಬಹುದಲ್ಲ ಅಂತ ನೀವು ಕೇಳಬಹುದು. ಇಲ್ಲೇ ಇದೆ ತೊಡಕು. ಸಾ ದಿಂದ ಪ ಹಿಡಿಯಿರಿ. ಆ ಪ ವನ್ನೇ ಸಾ ಮಾಡಿಕೊಂಡು ಅದರ ಪ ಹಿಡಿಯಿರಿ. ಹೀಗೆ 12 ಸಲ ಹೋದರೆ ಪೇಟಿಯ ಹನ್ನೆರಡೂ ಸ್ವರ ಮುಗಿದು, 7 ಸಪ್ತಕ ಮೇಲೆ ಪುನಃ ಸಾ ಬರಬೇಕು. ಆದರೆ 12 ಒಂದೂವರೆಗಳನ್ನು ಗುಣಿಸಿದರೆ ಸುಮಾರು 129.75 ಬರುತ್ತದೆ. 7 ಎರಡುಗಳನ್ನು ಗುಣಿಸಿದರೆ 128. ಸ್ವಲ್ಪ ಉಳಿಯಿತು! ಆ ಸ್ವಲ್ಪ ಅಂದರೆ ಅಕ್ಕಪಕ್ಕದ ಎರಡು ಪಟ್ಟಿಗಳ ನಡುವಿನ ಅಂತರದಲ್ಲಿ ಸುಮಾರು ಕಾಲು ಭಾಗ.

ಇದನ್ನು ಒಂದೇ ಪ ಮೇಲೆ ಹೊರಿಸಿದರೆ ಅದು ಅಪಸ್ವರ ಆಗುತ್ತದೆ. ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆ ಅಂತ ಗಾದೆ ಇದೆಯಲ್ಲ, ಹಾಗೆ. ಅದಕ್ಕೇ ಪೇಟಿಯಲ್ಲಿ ಹನ್ನೆರಡಕ್ಕೂ ಸಮನಾಗಿ ಹಂಚುತ್ತಾರೆ. ಆಗ ಪ 359.6 ಆಗುತ್ತದೆ, ಕಿವಿಗೆ ಗೊತ್ತಾಗೋದು ಕಷ್ಟ. ಆದರೆ ಗ 302.4 ಆಗುತ್ತದೆ. ತಂಬೂರಿಯ 300ರ ಜೊತೆ ಅದು ಅಲೆ ಅಲೆಯಾಗಿ ನಡುಗುತ್ತದೆ.

ಪೇಟಿಯ ಸ್ವರ ನಮ್ಮ ಸಂಗೀತಕ್ಕೆ ಹೊಂದುವುದಿಲ್ಲ, ಅದರಲ್ಲಿ ಗಮಕ ಬರುವುದಿಲ್ಲ ಎಂದು ಆಲ್ ಇಂಡಿಯಾ ರೇಡಿಯೋ 1940ರಲ್ಲಿ ಅದನ್ನು ನಿಷೇಧಿಸಿತು. 1971ರವರೆಗೆ ಈ ನಿಷೇಧ ಇತ್ತು. ಆದರೂ ಬೆಳಗಾವಿಯ ಪಂಡಿತ ರಾಮಭಾವು ಬಿಜಾಪುರೆ (1917–2010) ಅವರಂಥವರು ಪೇಟಿಯಲ್ಲೇ ದೊಡ್ಡ ಹೆಸರು ಮಾಡಿದರು.

ಈಗ ನಮ್ಮ ಶಾಲೆಯ ವಿಷಯ. ಪ್ರಾರ್ಥನೆಯ ಪೇಟಿಯಲ್ಲಿ ಗ ರೀಡನ್ನು ಕೆರೆಸಿ ತಂಬೂರಿಗೆ ಹೊಂದಿಸೋಣ ಅಂತ ಮಾತು ನಡೆದಿದೆ. ರೀಡಿನ ಬುಡದಲ್ಲಿ ಕೆರೆದರೆ ಸ್ವರ ಇಳಿಯೋದು ನಿಜ. ಗುರುಗಳ ಸಾ ಗೆ ಅದು ಚೆನ್ನಾಗೇ ಹೊಂದುತ್ತದೆ. ಆದರೆ ನಾವು ಹುಡುಗಿಯರು ಗುರುಗಳ ಧ ಪಟ್ಟಿಯನ್ನು ಸಾ ಮಾಡಿಕೊಂಡು ಹಾಡ್ತೇವೆ. ಅವರ ಗ ನಮಗೆ ಪ! ನಮ್ಮ ಸಾ 201.8, ಅದರ ಒಂದೂವರೆ ಪಟ್ಟು 302.7. ಈಗಿರುವ 302.4 ನಮಗೆ ಸರಿಯಾಗಿದೆ. 300ಕ್ಕೆ ಇಳಿಸಿದರೆ ನಮ್ಮ ಪ ಕೆಡುತ್ತದೆ. ಕೆರೆದ ಹಿತ್ತಾಳೆ ತಿರುಗಿ ಬರೋದಿಲ್ಲ.

ಹಾಗಾದರೆ ಏನು ಮಾಡಬೇಕು? ಭಜನೆಯಲ್ಲಿ ಪೇಟಿ ಬಾರಿಸುವ ನಮ್ಮ ಅಜ್ಜನನ್ನು ಕೇಳಿದೆ. "ಗದ ಮ್ಯಾಲ ಬಟ್ಟು ಊರಿ ಕುಂಡ್ರಬ್ಯಾಡವಾ, ಮುಟ್ಟಿ ಬಿಡು. ಹಾಡೋರು ತಂಬೂರಿ ಕೇಳಿ ಹಾಡ್ತಾರ" ಅಂದರು. ನನಗೂ ಇದೇ ಸರಿ ಅನಿಸುತ್ತದೆ. ರೀಡು ಕೆರೆಸುವುದಕ್ಕೆ ಮೊದಲು ಗುರುಗಳು ಈ ಲೆಕ್ಕವನ್ನು ಒಮ್ಮೆ ನೋಡಬೇಕೆಂದು ವಿನಂತಿ.

ಮಾಡಿ ನೋಡಿ: 1.5 ನ್ನು ಬರೆದು 1.5 ರಿಂದ ಗುಣಿಸುತ್ತಾ ಹೋಗಿ. 129.75ರ ಹತ್ತಿರ ಬರುವಾಗ ಎಷ್ಟು ಒಂದೂವರೆಗಳಾದವು ಎಣಿಸಿ.

– 7ನೇ ತರಗತಿ ವಿದ್ಯಾರ್ಥಿನಿ