ಇಂದು ಉದುರುವ ಕೂದಲು, ಮೂರು ತಿಂಗಳ ಹಿಂದಿನ ಪೆಟ್ಟು

ಪೋಷಕರಿಗೆ ಕಿವಿಮಾತು

ರೋಣ, ನರಗುಂದ, ಗಜೇಂದ್ರಗಡದ ಕಡೆಯಿಂದ ಧಾರವಾಡಕ್ಕೆ ಹೋಗಿ, ಸಪ್ತಾಪುರದ ಆಸುಪಾಸು ರೂಮು ಹಿಡಿದು ಪಿಎಸ್‌ಐ, ಕೆಎಎಸ್ ಪರೀಕ್ಷೆಗೆ ಓದುವ ಹುಡುಗರು ಬಹಳ. ಹಬ್ಬಕ್ಕೆ ಮನೆಗೆ ಬಂದಾಗ ತಾಯಿಯ ಕಣ್ಣು ಮೊದಲು ಹೋಗುವುದು ಮಗನ ತಲೆಯ ಮೇಲೆ. ದಿಂಬಿನ ಮೇಲೆ ಕೂದಲು, ಬಚ್ಚಲಲ್ಲಿ ಕೂದಲು, ಬಾಚಣಿಕೆ ತುಂಬ ಕೂದಲು. ಇಪ್ಪತ್ತಮೂರು ವರ್ಷದ ಹುಡುಗನಿಗೆ ಹೀಗಾದರೆ ಹೆತ್ತವರು ಗಾಬರಿಯಾಗುವುದು ಸಹಜ. ಆದರೆ ಬರೀ ಒತ್ತಡದಿಂದ ಉದುರಿದ ಕೂದಲು ಸಾಮಾನ್ಯವಾಗಿ ಮರಳಿ ಬರುತ್ತದೆ. ಅಲ್ಲಿಯತನಕ ಮನೆಯವರು ಹೇಗೆ ನಡೆದುಕೊಳ್ಳಬೇಕು ಎಂಬುದನ್ನು ತಿಳಿದಿರಬೇಕು.

ಆಗುವುದೇನು?

ನಮ್ಮ ತಲೆಯಲ್ಲಿ ಹೆಚ್ಚುಕಡಿಮೆ 1 ಲಕ್ಷ ಕೂದಲಿರುತ್ತವೆ. ಒಂದೊಂದು ಕೂದಲೂ 2ರಿಂದ 6 ವರ್ಷ ಬೆಳೆದು, ಆಮೇಲೆ ಎರಡು ಮೂರು ತಿಂಗಳು ವಿಶ್ರಾಂತಿಯಲ್ಲಿದ್ದು, ಉದುರಿ ಹೊಸದಕ್ಕೆ ಜಾಗ ಬಿಡುತ್ತದೆ. ದಿನಕ್ಕೆ 50ರಿಂದ 100 ಕೂದಲು ಹೋಗುವುದು ಲೆಕ್ಕದಲ್ಲಿರುವುದೇ. ಹಿಂದೆಮುಂದೆ ಬಿತ್ತಿದ ಪೈರು ಬೇರೆ ಬೇರೆ ದಿನ ಕೊಯ್ಲಿಗೆ ಬಂದಹಾಗೆ ಇದು, ಹೊಲ ಖಾಲಿಯಾದದ್ದು ಕಾಣುವುದೇ ಇಲ್ಲ.

ದೇಹಕ್ಕೋ ಮನಸ್ಸಿಗೋ ದೊಡ್ಡ ಪೆಟ್ಟು ಬಿದ್ದಾಗ, ಬೆಳೆಯುತ್ತಿದ್ದ ಕೂದಲಿನಲ್ಲಿ ಒಂದು ಪಾಲು ಒಮ್ಮೆಲೇ ವಿಶ್ರಾಂತಿಗೆ ಜಾರುತ್ತದೆ. ಎರಡು ಮೂರು ತಿಂಗಳ ಮೇಲೆ ಅವೆಲ್ಲ ಒಟ್ಟಿಗೇ ಉದುರುತ್ತವೆ. ವೈದ್ಯರು ಇದನ್ನು ಟೆಲೋಜನ್ ಎಫ್ಲೂವಿಯಂ ಎನ್ನುತ್ತಾರೆ. ಒತ್ತಡದ ಹಾರ್ಮೋನು ಕೂದಲ ಬುಡದ ಕಾಂಡಕೋಶಗಳನ್ನು ಏಳಗೊಡದೆ ಮಲಗಿಸಿಡುತ್ತದೆ ಎಂಬುದನ್ನು ಹಾರ್ವರ್ಡ್ ವಿಜ್ಞಾನಿಗಳು 2021ರಲ್ಲಿ ಇಲಿಗಳಲ್ಲಿ ತೋರಿಸಿದರು.

ಹಾಗಾಗಿ ಉದುರಲು ಶುರುವಾದ ದಿನದಿಂದ ಮೂರು ತಿಂಗಳು ಹಿಂದಕ್ಕೆ ಎಣಿಸಿ. ದೀಪಾವಳಿಗೆ ಉದುರುತ್ತಿದ್ದರೆ ಶ್ರಾವಣದಲ್ಲಿ ಏನಾಗಿತ್ತು? ಡೆಂಗಿ, ಟೈಫಾಯ್ಡ್ ಬಂದಿತ್ತೇ? ಆಪರೇಷನ್ ಆಗಿತ್ತೇ? ಜಿಮ್ಮಿಗೆ ಸೇರಿ ಊಟ ಬಿಟ್ಟು ತೂಕ ಇಳಿಸಿದ್ದನೇ? ಮನೆಯಲ್ಲಿ ಸಾವು, ಸಾಲದ ಜಗಳ, ಪರೀಕ್ಷೆಯ ಫಲಿತಾಂಶ? ಮಗ ನಿಮಗೆ ಹೇಳದೇ ನುಂಗಿಕೊಂಡದ್ದೂ ಏನಾದರೂ ಇರಬಹುದು.

ಕೆಲವರಿಗೆ ಪೆಟ್ಟು ಒಂದೇ ದಿನದ್ದಲ್ಲ. 545 ಪಿಎಸ್‌ಐ ಹುದ್ದೆಗಳ ಪರೀಕ್ಷೆ ನಡೆದದ್ದು 2021ರ ಅಕ್ಟೋಬರ್‌ನಲ್ಲಿ. ಅಕ್ರಮ ಹೊರಬಿದ್ದು 2022ರಲ್ಲಿ ಅದು ರದ್ದಾಯಿತು, ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಪ್ರಾಮಾಣಿಕವಾಗಿ ಬರೆದು ಪಾಸಾದ ಹುಡುಗರೂ ಎರಡು ವರ್ಷಕ್ಕೂ ಮಿಕ್ಕಿ ತೂಗುಯ್ಯಾಲೆಯಲ್ಲಿದ್ದರು. ಇಂಥ ಎಳೆದಾಟದಲ್ಲಿ ನಿದ್ದೆ ಕೆಡುತ್ತದೆ, ಊಟ ತಪ್ಪುತ್ತದೆ, ಉದುರುವಿಕೆಯೂ ಆರು ತಿಂಗಳಿಗೆ ನಿಲ್ಲದೆ ಮುಂದುವರಿಯಬಹುದು.

ಉದುರಿದ ಕೂದಲನ್ನು ನೋಡಿ

ಒಂದು ಕೂದಲನ್ನು ಬಿಳಿ ಹಾಳೆಯ ಮೇಲಿಟ್ಟು ಬೆಳಕಿಗೆ ಹಿಡಿಯಿರಿ. ಒಂದು ತುದಿಯಲ್ಲಿ ಸಾಸಿವೆಗಿಂತ ಸಣ್ಣದಾದ ಬಿಳಿ ಗಂಟು ಕಂಡರೆ, ಅದು ವಿಶ್ರಾಂತಿ ಮುಗಿಸಿ ಉದುರಿದ ಕೂದಲು. ಬಹಳ ಜನ ಈ ಗಂಟನ್ನು ನೋಡಿ ‘ಬೇರುಸಹಿತ ಕಿತ್ತು ಬಂತು’ ಎಂದು ಹೆದರುತ್ತಾರೆ. ಅದು ಬೇರಲ್ಲ. ಕೂದಲನ್ನು ಹುಟ್ಟಿಸುವ ಬುಡ ಚರ್ಮದೊಳಗೇ ಉಳಿದಿರುತ್ತದೆ. ಗಂಟಿಲ್ಲದೆ ತುಂಡುತುಂಡಾಗಿ ಬಂದಿದ್ದರೆ ಅದು ನಡುವೆ ಮುರಿದ ಕೂದಲು.

ನಮ್ಮ ಕಡೆ ಎಲ್ಲ ದೋಷವೂ ಬೋರಿನ ಸವುಳು ನೀರಿಗೆ ಹೋಗುತ್ತದೆ. ಸವುಳು ನೀರು ಕೂದಲನ್ನು ಒರಟು ಮಾಡುತ್ತದೆ, ಸುಲಭವಾಗಿ ಮುರಿಯುವಂತೆ ಮಾಡಬಹುದು. ಆದರೆ ಬಿಳಿ ಗಂಟಿನ ಕೂದಲು ರಾಶಿರಾಶಿ ಬೀಳುತ್ತಿದ್ದರೆ ಕಾರಣವನ್ನು ಬೇರೆ ಕಡೆ ಹುಡುಕಿ.

ಒತ್ತಡದಿಂದ ಉದುರುವಾಗ ತಲೆಯ ತುಂಬ ಸಮನಾಗಿ ತೆಳುವಾಗುತ್ತದೆ. ಹಣೆಯ ಎರಡೂ ಮೂಲೆ ಹಿಂದೆ ಸರಿಯುತ್ತಿದ್ದರೆ, ನಡುನೆತ್ತಿ ಮಾತ್ರ ಬಯಲಾಗುತ್ತಿದ್ದರೆ ಅದು ವಂಶದಿಂದ ಬಂದದ್ದು. ತಂದೆಯ ಕಡೆಯಿಂದಲೂ ತಾಯಿಯ ಕಡೆಯಿಂದಲೂ ಬರುತ್ತದೆ. ಅದಕ್ಕೆ ಮಿನಾಕ್ಸಿಡಿಲ್, ಫಿನಾಸ್ಟರೈಡ್ ಎಂಬ ಔಷಧಗಳಿವೆ. ಅಡ್ಡಪರಿಣಾಮಗಳೂ ಇರುವುದರಿಂದ ವೈದ್ಯರನ್ನು ಕೇಳದೆ ಬೇಡ. ನಾಣ್ಯದಗಲ ನುಣ್ಣಗೆ ಬೋಳಾಗಿದ್ದರೆ ಅದು ಅಲೋಪೇಶಿಯಾ ಏರಿಯೇಟಾ ಇರಬಹುದು. ಹುಳ ತಿಂದದ್ದಲ್ಲ, ದೇಹದ ರಕ್ಷಣಾ ವ್ಯವಸ್ಥೆಯೇ ಕೂದಲ ಬುಡದ ಮೇಲೆ ತಿರುಗಿಬೀಳುವುದು. ಬೆಳ್ಳುಳ್ಳಿ ತಿಕ್ಕಿ ಚರ್ಮ ಸುಡಬೇಡಿ. ಹೊಟ್ಟು, ತುರಿಕೆ, ಕೀವು ಇದ್ದರೂ ಚರ್ಮವೈದ್ಯರಿಗೇ ತೋರಿಸಿ.

ಎಣ್ಣೆ, ಗುಳಿಗೆ, ಊಟ

ಹುಣಸೂರು ತಾಲ್ಲೂಕಿನ ಪಕ್ಷಿರಾಜಪುರದ ಹಕ್ಕಿಪಿಕ್ಕಿ ಸಮುದಾಯದವರು ತಯಾರಿಸುವ ಆದಿವಾಸಿ ಎಣ್ಣೆ ಈಗ ಮೊಬೈಲ್ ಹಿಡಿದ ಎಲ್ಲರಿಗೂ ಗೊತ್ತು. ಯಾವ ಎಣ್ಣೆಯಾದರೂ ಕೂದಲಿಗೆ ನುಣುಪು ಕೊಡುತ್ತದೆ, ತಾಯಿ ಕೂತು ಹಚ್ಚಿದರೆ ಮಗನಿಗೆ ಹಿತವೂ ಆಗುತ್ತದೆ. ಆದರೆ ಒತ್ತಡದ ಉದುರುವಿಕೆ ಸಾಮಾನ್ಯವಾಗಿ ಆರು ತಿಂಗಳಲ್ಲಿ ತಾನೇ ನಿಲ್ಲುವಂಥದ್ದು. ಐದನೆಯ ತಿಂಗಳಲ್ಲಿ ಯಾವ ಎಣ್ಣೆ ಕೈಗೆ ಬಂತೋ ಅದಕ್ಕೇ ಹೆಸರು. ಎಲ್ಲ ಎಣ್ಣೆಯೂ ನಿರಪಾಯಕಾರಿಯಲ್ಲ. 2025ರ ಮಾರ್ಚ್‌ನಲ್ಲಿ ಪಂಜಾಬಿನ ಸಂಗ್ರೂರಿನಲ್ಲಿ ಬೋಳುತಲೆಗೆಂದು ನಡೆದ ಶಿಬಿರದಲ್ಲಿ ಎಣ್ಣೆ ಹಚ್ಚಿಸಿಕೊಂಡ ಹತ್ತಾರು ಜನ ಕಣ್ಣು ಕೆಂಪಾಗಿ ಆಸ್ಪತ್ರೆ ಸೇರಿದರು.

ಬಯೋಟಿನ್ ಎಂಬ ಜೀವಸತ್ವದ ಕೊರತೆ ಇರುವವರು ಅಪರೂಪ. ಅದರ ಗುಳಿಗೆ ನುಂಗುತ್ತಿದ್ದರೆ ಥೈರಾಯ್ಡ್ ರಕ್ತಪರೀಕ್ಷೆ ತಪ್ಪು ತೋರಿಸಬಹುದು, ಹಾಗಾಗಿ ವೈದ್ಯರಿಗೆ ಮೊದಲೇ ಹೇಳಿ.

ಕೂದಲಿಗೆ ಬೇಕಾದ ಪ್ರೋಟೀನು, ಕಬ್ಬಿಣ ಮನೆಯ ಅಡುಗೆಯಲ್ಲೇ ಇವೆ. ನರಗುಂದದ ಕರಿನೆಲದಲ್ಲಿ ಬೆಳೆಯುವ ಹೆಸರು, ಕಡಲೆ, ಜೊತೆಗೆ ಮಡಕಿಕಾಳು, ಮೆಂತ್ಯಪಲ್ಯ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ. ತಿನ್ನುವವರಾದರೆ ತತ್ತಿ. ಹುಡುಗ ರೂಮಿನಲ್ಲಿ ಬೆಳಿಗ್ಗೆ ಚಹಾ, ರಾತ್ರಿ ಎಗ್‌ರೈಸ್ ಮೇಲೆ ದಿನ ತಳ್ಳುತ್ತಿದ್ದರೆ, ಬುತ್ತಿಯ ಜೊತೆ ಎರಡು ನಮೂನೆ ಹಿಂಡಿ, ನೆನೆಸಿ ತಿನ್ನಲು ಕಾಳು ಕಟ್ಟಿ ಕಳಿಸಿ. ದುಬಾರಿ ಶಾಂಪೂಗಿಂತ ಇದು ಮೇಲು.

ವೈದ್ಯರ ಬಳಿ ಯಾವಾಗ?

ಉದುರುವಿಕೆ ಆರು ತಿಂಗಳು ದಾಟಿದರೆ, ಬೋಳು ತೇಪೆ ಕಂಡರೆ, ತೂಕ ಇಳಿದು ಸುಸ್ತಾಗುತ್ತಿದ್ದರೆ ತಡಮಾಡಬೇಡಿ. ಮೊದಲು ತಾಲ್ಲೂಕಿನ ಸರ್ಕಾರಿ ಆಸ್ಪತ್ರೆ, ಮುಂದೆ ಬೇಕಾದರೆ ಗದಗಿನ ಅಥವಾ ಹುಬ್ಬಳ್ಳಿಯ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ. ಹಿಮೋಗ್ಲೋಬಿನ್, ಫೆರಿಟಿನ್, ಥೈರಾಯ್ಡ್, ಬಿ12 ನೋಡಿಸಿದರೆ ಬಹುತೇಕ ಗುಟ್ಟು ತಿಳಿಯುತ್ತದೆ.

ನಿದ್ದೆ ಬಾರದಿರುವುದು, ಯಾರೊಂದಿಗೂ ಮಾತು ಬೇಡವೆನ್ನುವುದು, ‘ನಾ ಇದ್ದು ಏನ್ ಮಾಡೋದೈತಿ’ ಎಂಬ ಮಾತು ಕೇಳಿಬಂದರೆ ಕೂದಲಿನ ಚಿಂತೆ ಬದಿಗಿಡಿ. ಮನಸ್ಸಿನ ವೈದ್ಯರಿಗೆ ಅಂದೇ ತೋರಿಸಿ. ಟೆಲಿಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡುತ್ತಾರೆ. ಧಾರವಾಡದಲ್ಲೇ ಇರುವ ಹುಡುಗನಿಗೆ ಅಲ್ಲಿಯ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಹತ್ತಿರ.

ಮನೆಯ ಮಾತು

‘ಯಾಕೋ ತಮ್ಮಾ, ತಲಿ ಖಾಲಿ ಆಗಾಕತ್ತೈತಿ, ಇನ್ನ ಕನ್ಯಾ ಯಾರು ಕೊಡ್ತಾರ?’ ಇಂಥ ಮಾತು ನಗೆಯಲ್ಲಿ ಬಂದರೂ ಚುಚ್ಚುತ್ತದೆ. ರಾಜ್ ಬಿ. ಶೆಟ್ಟಿಯವರ ‘ಒಂದು ಮೊಟ್ಟೆಯ ಕಥೆ’ 2017ರಲ್ಲಿ ತೆರೆಗೆ ತಂದದ್ದೂ ಬೋಳುತಲೆಯ ಹುಡುಗನೊಬ್ಬನ ಕನ್ಯಾಶೋಧದ ಪಾಡನ್ನೇ. ಮದುವೆಗೆ ಬಂದ ನೆಂಟರೆದುರು ಮಗನ ತಲೆ ಮುಟ್ಟಿ ತೋರಿಸಬೇಡಿ. ಫೋನಿನಲ್ಲಿ ‘ಕೂದಲ ನಿಂತವೇನು?’ ಎನ್ನುವ ಬದಲು ‘ನಿದ್ದಿ ಬರ್ತೈತೇನಪಾ, ಊಟ ಹ್ಯಾಂಗೈತಿ?’ ಎಂದು ಕೇಳಿ. ದಿನವೂ ಬಾಚಣಿಕೆ ನೋಡುವುದು ಬೇಡ. ತಿಂಗಳಿಗೊಮ್ಮೆ ಒಂದೇ ಬೆಳಕಿನಲ್ಲಿ ಒಂದು ಫೋಟೊ ತೆಗೆದಿಟ್ಟರೆ ಸಾಕು. ಹಣೆಯಂಚಿನಲ್ಲಿ ಮೋಟು ಕೂದಲು ಎದ್ದಿದ್ದರೆ ಹೊಸದು ಬರುತ್ತಿದೆ ಎಂದರ್ಥ. ಅದು ತಿಂಗಳಿಗೆ ಸುಮಾರು ಒಂದೇ ಸೆಂಟಿಮೀಟರ್ ಬೆಳೆಯುವುದರಿಂದ ತಲೆ ತುಂಬಿ ಕಾಣಲು ವರ್ಷವೇ ಬೇಕಾದೀತು.

ಒತ್ತಡದ ಮೂಲ ಪರೀಕ್ಷೆಯೇ ಆಗಿದ್ದರೆ, ಮುಂದಿನ ಅಮಾವಾಸ್ಯೆಗೆ ಅವನು ಊರಿಗೆ ಬಂದಾಗ ಕೂತು ಮಾತಾಡಿ. ಇನ್ನೆಷ್ಟು ಸಲ ಬರೆಯುವುದು, ಖರ್ಚಿಗೆ ದಾರಿ ಏನು, ಆಗದಿದ್ದರೆ ಮುಂದೇನು ಎಂಬುದನ್ನು ಅವನ ಒಪ್ಪಿಗೆಯಿಂದಲೇ ಗೊತ್ತುಮಾಡಿ. ಎಲ್ಲಿಗೆ ನಿಲ್ಲಿಸಬಹುದು ಎಂಬುದು ಗೊತ್ತಿರುವ ಹುಡುಗ ನೆಮ್ಮದಿಯಿಂದ ಓದುತ್ತಾನೆ.