ನೆರೆಯ ರಾಷ್ಟ್ರಗಳೂ ಸಮಾಜಕಲ್ಯಾಣವೂ

ಒಂದು ದೇಶದಲ್ಲಿ ಹುಟ್ಟಿ, ಇನ್ನೊಂದು ದೇಶದಲ್ಲಿ ದುಡಿದು ಮುಪ್ಪಾದವನಿಗೆ ವೃದ್ಧಾಪ್ಯವೇತನವನ್ನು ಕೊಡತಕ್ಕವರು ಯಾರು? ಹುಟ್ಟಿದ ನಾಡು ‘ನೀನು ಇಲ್ಲಿ ದುಡಿಯಲಿಲ್ಲ’ ಎನ್ನಬಹುದು. ದುಡಿದ ನಾಡು ‘ನೀನು ನಮ್ಮ ಪ್ರಜೆಯಲ್ಲ’ ಎನ್ನಬಹುದು. ಇಬ್ಬರ ಮಾತೂ ಕಾನೂನಿಗೆ ಸರಿಯಾಗಿರಬಹುದು. ಮುದುಕನ ಹೊಟ್ಟೆ ಮಾತ್ರ ಬರಿದು. ಊರು ಬಿಟ್ಟು ಬಂದ ಮನೆತನಗಳ ಮಕ್ಕಳಾದ ನಮಗೆ ಈ ತೊಡಕು ತೀರ ಅಪರಿಚಿತವಲ್ಲ. ಆದರೆ ನಮ್ಮ ಹಿರಿಯರು ದಾಟಿದ್ದು ರಾಜ್ಯದ ಗಡಿಯನ್ನು, ರಾಷ್ಟ್ರದ ಗಡಿಯನ್ನಲ್ಲ.

ಯುರೋಪಿನ ಉತ್ತರದಲ್ಲಿರುವ ಡೆನ್ಮಾರ್ಕ್, ನಾರ್ವೆ, ಸ್ವೀಡನ್, ಫಿನ್ಲೆಂಡ್, ಐಸ್ಲೆಂಡ್ ಎಂಬ ಐದು ರಾಷ್ಟ್ರಗಳು ಇದನ್ನು ಬಿಡಿಸಿದ ಬಗೆ ಅಭ್ಯಾಸಯೋಗ್ಯವಾದುದು. 1952ರಲ್ಲಿ ನಾರ್ಡಿಕ್ ಪರಿಷತ್ತು ಏರ್ಪಟ್ಟಿತು; ಫಿನ್ಲೆಂಡ್ 1955ರಲ್ಲಿ ಅದನ್ನು ಸೇರಿತು. ಈ ಪರಿಷತ್ತಿಗೆ ಶಾಸನ ಮಾಡುವ ಅಧಿಕಾರವಿಲ್ಲ. ಸಂಸತ್ತುಗಳ ಸದಸ್ಯರು ಕೂಡಿ ಚರ್ಚಿಸಿ ಶಿಫಾರಸು ಮಾಡುತ್ತಾರೆ, ಅಷ್ಟೆ. ಒಪ್ಪುವುದೂ ಬಿಡುವುದೂ ಆಯಾ ಸರಕಾರಕ್ಕೆ ಸೇರಿದ್ದು.

1954ರಲ್ಲಿ ಐಸ್ಲೆಂಡನ್ನು ಬಿಟ್ಟು ಉಳಿದ ನಾಲ್ಕು ರಾಷ್ಟ್ರಗಳು ತಮ್ಮ ಪ್ರಜೆಗಳು ಪರವಾನಗಿಯಿಲ್ಲದೆ ಪರಸ್ಪರರ ನಾಡುಗಳಲ್ಲಿ ಕೆಲಸ ಮಾಡಬಹುದೆಂದು ಒಪ್ಪಿದುವು. ಕೆಲಸಗಾರನು ಹೋದಮೇಲೆ ಅವನ ಕಾಯಿಲೆ, ನಿರುದ್ಯೋಗ, ಮುಪ್ಪು ಇವೂ ಅವನೊಡನೆ ಹೋಗುತ್ತವಲ್ಲವೆ? ಆದುದರಿಂದ 1955ರ ಸೆಪ್ಟೆಂಬರ್ 15ರಂದು ಕೋಪನ್‌ಹೇಗನ್ ನಗರದಲ್ಲಿ ಐದು ರಾಷ್ಟ್ರಗಳೂ ಸಾಮಾಜಿಕ ಭದ್ರತೆಯ ಒಪ್ಪಂದಕ್ಕೆ ಸಹಿ ಹಾಕಿದುವು. ನೆರೆನಾಡಿನಿಂದ ಬಂದು ನೆಲೆಸಿದವನನ್ನು ಸ್ವಂತ ಪ್ರಜೆಯಂತೆಯೇ ಕಾಣಬೇಕೆಂಬುದು ಇದರ ತಿರುಳು. ವೇತನದ ಮೊತ್ತ ಎಲ್ಲ ಕಡೆಯೂ ಒಂದೇ ಆಗಬೇಕೆಂದು ಯಾರೂ ಹಟ ಹಿಡಿಯಲಿಲ್ಲ. ಸಮನ್ವಯ ಬೇರೆ, ಏಕರೂಪತೆ ಬೇರೆ. ಈ ಭೇದವನ್ನು ವಿದ್ಯಾರ್ಥಿಗಳು ಚೆನ್ನಾಗಿ ಮನಗಾಣಬೇಕು.

ಒಪ್ಪಂದದ ಬೆಲೆ ಮುಂದೆ ತಿಳಿದುಬಂದಿತು. 1969 ಮತ್ತು 1970ರ ಎರಡೇ ವರ್ಷಗಳಲ್ಲಿ ಸುಮಾರು 80,000 ಜನ ಫಿನ್ಲೆಂಡನ್ನು ಬಿಟ್ಟು ಸ್ವೀಡನ್ನಿಗೆ ಹೋದರು. ಸ್ವೀಡಿಷ್ ಮತ್ತು ಫಿನ್ನಿಷ್ ಭಾಷೆಗಳಿಗೆ ನಂಟೇ ಇಲ್ಲ. ಅವರಲ್ಲಿ ಅನೇಕರಿಗೆ ಕಾರ್ಖಾನೆಯ ಮೇಸ್ತ್ರಿಯ ಮಾತೇ ಅರ್ಥವಾಗುತ್ತಿರಲಿಲ್ಲ. ಆದರೂ ಕಾಯಿಲೆ ಬಿದ್ದಾಗ ಅವರು ಪರದೇಶಿಗಳಾಗಬೇಕಾಗಿರಲಿಲ್ಲ.

ಬಲವಂತವಿಲ್ಲದ ಈ ಕೂಟ ಹೇಗೆ ನಿಂತಿತು? ನೆರೆಯವರ ಕಾನೂನುಗಳು ಮೊದಲೇ ಹೆಚ್ಚುಕಡಮೆ ಹೋಲುತ್ತಿದ್ದುವು. ಅಲ್ಲದೆ 1946ರಿಂದಲೇ ಒಂದು ಸಮಿತಿ ಅವರ ಸಮಾಜಕಲ್ಯಾಣದ ಅಂಕಿಅಂಶಗಳನ್ನು ಒಂದೇ ಅಳತೆಗೆ ತರುತ್ತಿತ್ತು. ನೆರೆಯವನು ವೃದ್ಧರಿಗೆ ಏನು ಮಾಡುತ್ತಾನೆಂಬುದು ಪಟ್ಟಿಯಲ್ಲಿ ಕಣ್ಣಿಗೆ ಕಂಡಾಗ, ಆಜ್ಞೆಗಿಂತ ಅದೇ ಹೆಚ್ಚು ಕೆಲಸ ಮಾಡೀತೆಂದು ನಮಗೆ ತೋರುತ್ತದೆ. ಹಾಗೆಂದು ಎಲ್ಲದರಲ್ಲಿಯೂ ಒಮ್ಮತ ಮೂಡಲಿಲ್ಲ. ರಕ್ಷಣಾಕೂಟದ ಮಾತುಕತೆ 1949ರಲ್ಲಿ ಮುರಿಯಿತು; ನಾರ್ಡೆಕ್ ಎಂಬ ಆರ್ಥಿಕ ಒಕ್ಕೂಟದ ಯೋಜನೆ 1970ರಲ್ಲಿ ಬಿದ್ದುಹೋಯಿತು. ಕಲ್ಯಾಣದ ಒಪ್ಪಂದವನ್ನಾದರೋ ಮತ್ತೆ ಮತ್ತೆ ಪರಿಷ್ಕರಿಸಿದರು. 2012ರಲ್ಲಿ ಅದಕ್ಕೆ ಹೊಸ ರೂಪ ಬಂದಿತು.