ದೌಹೃದಿನಿ: ತಾಯಿಯ ಆಹಾರವೂ ಮಕ್ಕಳ ಹೃದಯವೂ

ಬಸುರಿಯ ಆಸೆಗೆ ಕನ್ನಡದಲ್ಲಿ ‘ಬಯಕೆ’ ಎಂದು ಹೆಸರು. ಸಂಸ್ಕೃತದ ವೈದ್ಯಗ್ರಂಥಗಳಲ್ಲಿ ಅದು ‘ದೌಹೃದ’. ಸುಶ್ರುತಸಂಹಿತೆಯ ಶಾರೀರಸ್ಥಾನವು ನಾಲ್ಕನೆಯ ತಿಂಗಳಿನ ಗರ್ಭಿಣಿಯನ್ನು ಎರಡು ಹೃದಯಗಳುಳ್ಳವಳೆಂದು ಬಗೆದು ‘ದೌಹೃದಿನಿ’ ಎಂದು ಕರೆದಿದೆ. ಒಂದು ಹೃದಯ ಅವಳದು, ಇನ್ನೊಂದು ಕೂಸಿನದು. ತಾಯಿಯ ಪೋಷಣೆಗೂ ಕೂಸಿನ ಹೃದಯಕ್ಕೂ ಇರುವ ನಂಟನ್ನು ಕನ್ನಡನಾಡಿನದೇ ಒಂದು ಆಸ್ಪತ್ರೆಯ ಹಳೆಯ ದಫ್ತರಗಳು ಅಂಕಿಗಳ ಮೂಲಕ ತೋರಿಸಿಕೊಟ್ಟಿವೆ.

ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಬರೆದಿಡಲಾಗಿತ್ತು. 1934ರಿಂದ 1954ರೊಳಗೆ ಅಲ್ಲಿ ಜನಿಸಿದ 517 ಮಂದಿಯನ್ನು ಪರೀಕ್ಷಿಸಿದ ಫಲಿತಾಂಶವು 1996ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಬ್ರಿಟನ್ನಿನ ಡೇವಿಡ್ ಬಾರ್ಕರ್ ಈ ಸಂಶೋಧಕ ಬಳಗದಲ್ಲಿದ್ದರು. ಹುಟ್ಟುವಾಗ 2.5 ಕಿಲೋ ಅಥವಾ ಅದಕ್ಕೂ ಕಡಿಮೆ ತೂಗಿದ್ದವರ ಪೈಕಿ ನೂರಕ್ಕೆ 11 ಮಂದಿಗೆ ಹೃದಯದ ರಕ್ತನಾಳಗಳ ರೋಗವಿತ್ತು, 3.1 ಕಿಲೋ ಅಥವಾ ಹೆಚ್ಚು ತೂಗಿದ್ದವರಲ್ಲಿ ಕೇವಲ 3 ಮಂದಿಗೆ. ಕೂಸು ಹಗುರವಾಗಿದ್ದು ತಾಯಿಯ ತೂಕವೂ 45 ಕಿಲೋಗಿಂತ ಕಡಿಮೆಯಿದ್ದ ಪಕ್ಷದಲ್ಲಿ ಆ ಪ್ರಮಾಣ ನೂರಕ್ಕೆ 20ಕ್ಕೆ ಏರಿತ್ತು. ಹಾಲೆಂಡಿನಲ್ಲಿ 1944–45ರ ಚಳಿಗಾಲದ ಕ್ಷಾಮಕಾಲದಲ್ಲಿ ಗರ್ಭದ ಮೊದಲ ತಿಂಗಳುಗಳನ್ನು ಕಳೆದವರಲ್ಲಿಯೂ ಮುಂದೆ ಹೃದ್ರೋಗ ಹೆಚ್ಚಾಗಿ ಕಂಡುಬಂದಿತು.

ಇದಕ್ಕೆ ಕಾರಣವೇನು? ಪೋಷಣೆ ಸಾಲದಾದಾಗ ಗರ್ಭಸ್ಥ ಶಿಶುವು ಮಿದುಳಿಗೆ ಮೊದಲ ಪಾಲನ್ನು ಕೊಟ್ಟು ಇತರ ಅಂಗಗಳ ಪಾಲನ್ನು ಕಡಿತಗೊಳಿಸುತ್ತದೆ. ಮೂತ್ರಪಿಂಡದ ಸೋಸುವ ಘಟಕಗಳು ಹುಟ್ಟುವ ಮುನ್ನವೇ ಸಿದ್ಧವಾಗತಕ್ಕವು. ಆಗ ಕಡಿಮೆಯಾದುದನ್ನು ಆಮೇಲೆ ತುಂಬಿಕೊಳ್ಳಲಾಗದು. ಇದರಿಂದ ಮುಂದೆ ರಕ್ತದೊತ್ತಡ ಏರಲು ಎಡೆಯಾಗುತ್ತದೆ. ಹೃದಯದ ಸ್ನಾಯುಕಣಗಳೂ ಬಹುಪಾಲು ಗರ್ಭದಲ್ಲಿಯೇ ರೂಪುಗೊಳ್ಳುತ್ತವೆ. ಆದರೆ ಇದನ್ನು ಹಣೆಬರಹವೆಂದು ಭಾವಿಸತಕ್ಕದ್ದಲ್ಲ. ತಂಬಾಕು, ಸ್ಥೂಲಕಾಯ, ಸಕ್ಕರೆರೋಗಗಳೂ ಹೃದಯವನ್ನು ಕೆಡಿಸುತ್ತವೆ. ಹಗುರವಾಗಿ ಹುಟ್ಟಿದವರು ಇವುಗಳಿಂದ ಇನ್ನಷ್ಟು ಎಚ್ಚರವಾಗಿರಬೇಕೆಂಬುದೇ ಇದರ ತಾತ್ಪರ್ಯ.

ಅಲಖನೂರ, ರಾಯಬಾಗಗಳ ಸೀಮೆಗೆ ಉತ್ತಮ ಆಹಾರವು ಹೊಸದೇನಲ್ಲ. ಜೋಳದ ರೊಟ್ಟಿ, ಹೆಸರುಕಾಳು, ಶೇಂಗಾ ಹಿಂಡಿ, ಮೆಂತ್ಯದ ಪಲ್ಯ, ಮೊಸರು ಇಲ್ಲಿಯ ನಿತ್ಯದ ಊಟ. ಕುಬಸದ ದಿನ ಬಸುರಿಗೆ ಹೋಳಿಗೆಯ ಊಟವಾಗುತ್ತದೆ. ಉಳಿದ ದಿನಗಳಲ್ಲಿ ಮನೆಮಂದಿಯೆಲ್ಲ ಉಂಡ ಬಳಿಕ ಉಳಿದುದೇ ಅವಳ ಪಾಲಾಗುವ ಮನೆಗಳುಂಟು. ಕೂಸು ದೊಡ್ಡದಾದರೆ ಹೆರಿಗೆ ಕಠಿಣವೆಂದು ಅವಳ ತುತ್ತನ್ನು ಕಡಿಮೆ ಮಾಡುವುದೂ ಉಂಟು. ಕರ್ನಾಟಕ ಸರ್ಕಾರವು 2017ರಲ್ಲಿ ‘ಮಾತೃಪೂರ್ಣ’ ಯೋಜನೆಯ ಮೂಲಕ ಅಂಗನವಾಡಿಗಳಲ್ಲಿ ಗರ್ಭಿಣಿಯರಿಗೆ ಬಿಸಿಯೂಟವನ್ನು ಆರಂಭಿಸಿದ್ದು ಈ ಕೊರತೆಯನ್ನು ನೀಗಿಸಲೆಂದೇ.

ಆದರೆ ಗರ್ಭದ ಮೊದಲ ವಾರಗಳು ತಾಯಿಗೇ ತಿಳಿಯದಂತೆ ಕಳೆದುಹೋಗುತ್ತವೆ. ಆಗ ಕೂಸಿಗೆ ಆಸರೆ ಅವಳು ಕನ್ಯೆಯಾಗಿದ್ದಾಗ ಉಂಡ ಅನ್ನವೇ. ಆದುದರಿಂದ ಈ ಕಾರ್ಯವು ಹೆರಿಗೆಯ ಕೋಣೆಯಲ್ಲಲ್ಲ, ಶಾಲೆಯ ಪಂಕ್ತಿಯಲ್ಲಿಯೇ ಮೊದಲಾಗಬೇಕು. ಇಂದು ಅಲ್ಲಿ ಕುಳಿತ ಬಾಲಿಕೆಗೆ ಬಡಿಸಿದ ತುತ್ತು ಎರಡು ಹೃದಯಗಳಿಗೆ ಸಲ್ಲುತ್ತದೆ.